ಹೋಗಿ ಬರ್ತೀವಿ ಅಂತ ಹೇಳಿಯೇ ಹೊರಡಿ

ಮಾರ್ಚ್ ತಿಂಗಳ ಕೊನೆಯ ವಾರ. ಒಂದು ಸಂಜೆ ದಂಪತಿ ತಮ್ಮ ಲ್ಯಾಬ್ರಡಾರ್ ನಾಯಿಗೆ ಲಸಿಕೆ ಹಾಕಿಸಲು ಬಂದಿದ್ದರು. ನಾಯಿಯ ಕೊರಳಲ್ಲಿ ಬೆಲ್ಟ್ ಇರಲಿಲ್ಲ. ಹಳೆಯ ದುಪಟ್ಟಾ ಕಟ್ಟಿ ಹಿಡಿದುಕೊಂಡು ಬಂದಿದ್ದರು. "ಎರಡು ದಿನದಿಂದ ಹುಡುಕ್ತಿದ್ದೀವಿ ಡಾಕ್ಟ್ರೇ, ಬೆಲ್ಟೂ ಇಲ್ಲ, ಚೈನೂ ಇಲ್ಲ" ಅಂದರು ತಾಯಿ. ಜೊತೆಗೆ ಬಂದಿದ್ದ ಆರು ವರ್ಷದ ಮಗಳು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಅವೆರಡೂ ಅವಳ ಸ್ಕೂಲ್ ಬ್ಯಾಗಿನ ತಳದಲ್ಲಿದ್ದವು ಎಂಬುದು ಆಮೇಲೆ ಗೊತ್ತಾಯಿತು. ಬೆಲ್ಟ್ ಇಲ್ಲದಿದ್ದರೆ ನಾಯಿಯನ್ನು ಯಾರೂ ಎಲ್ಲಿಗೂ ಕರೆದೊಯ್ಯಲಾರರು ಎಂಬುದು ಅವಳ ಲೆಕ್ಕ.

ಧಾರವಾಡದಲ್ಲಿ ಮದುವೆ, ಅಲ್ಲಿಂದ ಗೋಕರ್ಣ, ಒಟ್ಟು ಒಂಬತ್ತು ದಿನದ ಪ್ರಯಾಣ. ನಾಯಿಯನ್ನು ಬೋರ್ಡಿಂಗ್‌ಗೆ, ಅಂದರೆ ದುಡ್ಡು ಪಡೆದು ನಾಯಿಗಳನ್ನು ಇಟ್ಟು ನೋಡಿಕೊಳ್ಳುವ ಜಾಗಕ್ಕೆ, ಬಿಡುವುದೆಂದು ನಿಶ್ಚಯವಾಗಿತ್ತು. ಮಗಳು ಅತ್ತ ಹೋದಾಗ ತಂದೆ ದನಿ ತಗ್ಗಿಸಿ ಹೇಳಿದರು: "ಅವಳು ಸ್ಕೂಲಿಗೆ ಹೋದಾಗ ಬಿಟ್ಟು ಬಂದುಬಿಡ್ತೀವಿ. ಕಣ್ಣಿಗೆ ಬಿದ್ದರೆ ತಾನೆ ಅಳೋದು?"

ಈ ಮಾತನ್ನು ನಾನು ಪ್ರತಿ ಬೇಸಿಗೆ ರಜೆಗೂ, ಪ್ರತಿ ದಸರೆಗೂ ಕೇಳುತ್ತೇನೆ. ಹಾಗೆ ಹೇಳುವವರಲ್ಲಿ ಕಾಳಜಿ ಕಡಿಮೆಯಿಲ್ಲ. ಮಗು ಅಳಬಾರದು, ನಾಯಿ ಬಾಗಿಲ ಬಳಿ ನಿಂತು ನೋಡಬಾರದು ಎಂಬ ಕಳಕಳಿಯೇ ಅವರನ್ನು ಕದ್ದು ಹೋಗುವಂತೆ ಮಾಡುತ್ತದೆ. ಪ್ರೀತಿಯ ಬಗ್ಗೆ ನನ್ನ ತಕರಾರಿಲ್ಲ. ನನಗೆ ಅನುಮಾನವಿರುವುದು ಕದ್ದು ಹೋಗುವ ಆ ಕ್ರಮದ ಬಗ್ಗೆ. ನಾನು ನಾಯಿಗಳ ವೈದ್ಯೆ. ಆದರೆ ನನ್ನ ಮೇಜಿನ ಆಚೆ ನಿಲ್ಲುವವರಲ್ಲಿ ಮಕ್ಕಳೂ ಇರುತ್ತಾರೆ, ಅವರ ಮುಖ ನೋಡದೆ ನಾಯಿಯನ್ನಷ್ಟೇ ನೋಡಲು ನನಗೆ ಆಗುವುದಿಲ್ಲ.

ಮೊದಲು ಮಗುವಿನ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂದು ನೋಡೋಣ. ಐದಾರು ವರ್ಷದ ಮಗುವಿಗೆ "ಒಂಬತ್ತು ದಿನ" ಎಂದರೆ ಎಷ್ಟೆಂದು ತಿಳಿಯುವುದಿಲ್ಲ. ನಾಳೆ, ನಾಡಿದ್ದು, ಹಬ್ಬಕ್ಕೆ ಮುಂಚೆ, ಹಬ್ಬ ಆದಮೇಲೆ ಎಂಬ ಗುರುತುಗಳಲ್ಲಿ ಅದರ ಕಾಲ ಸಾಗುತ್ತದೆ. ಕೊನೆ ಕಾಣದ ಅಗಲಿಕೆ ಅದರ ಪಾಲಿಗೆ ಶಾಶ್ವತ ಅಗಲಿಕೆಯೇ. ಎರಡನೆಯ ಸಂಗತಿ ಇನ್ನೂ ಸೂಕ್ಷ್ಮವಾದದ್ದು. ಈ ವಯಸ್ಸಿನ ಮಕ್ಕಳು ಸುತ್ತ ನಡೆಯುವುದಕ್ಕೆಲ್ಲ ತಾವೇ ಕಾರಣ ಎಂದು ನಂಬುವುದುಂಟು. "ಮೊನ್ನೆ ನಾನು ಅದಕ್ಕೆ ಬೈದೆ, ಅದಕ್ಕೇ ಅಪ್ಪ ಎಲ್ಲೋ ಬಿಟ್ಟು ಬಂದರು" ಎಂದು ಮಗು ತನ್ನಷ್ಟಕ್ಕೇ ತೀರ್ಮಾನಿಸಿಕೊಂಡರೆ, ಅದನ್ನು ನಮ್ಮ ಹತ್ತಿರ ಹೇಳುವುದೂ ಇಲ್ಲ. ಮೂರನೆಯದು, ಮಗು ನಾಯಿಯ ಜಾಗದಲ್ಲಿ ತನ್ನನ್ನೇ ಇಟ್ಟು ನೋಡುತ್ತದೆ. ಇಷ್ಟು ಮುದ್ದಿನ ನಾಯಿಯನ್ನೇ ಬಿಟ್ಟು ಹೋಗಬಹುದಾದರೆ ನನ್ನನ್ನು? ಊಟ ಬಿಡುವುದು, ಬಟ್ಟೆ ತುಂಬುವ ಹೊತ್ತಿಗೆ ರೇಗಾಡುವುದು, ಸೂಟ್‌ಕೇಸಿನೊಳಗೆ ಹೋಗಿ ಕೂರುವುದು, ಬೆಲ್ಟ್ ಬಚ್ಚಿಡುವುದು, ಎಲ್ಲವೂ ಈ ಒಂದೇ ಪ್ರಶ್ನೆಯ ಬೇರೆ ಬೇರೆ ರೂಪಗಳು. ಅದನ್ನು ಹಟ ಎಂದು ಕರೆದರೆ ಪ್ರಶ್ನೆಗೆ ಉತ್ತರ ಸಿಗದೆ ಉಳಿಯುತ್ತದೆ.

"ಮೊದಲ ದಿನ ಸ್ವಲ್ಪ ಅತ್ತಳು, ಆಮೇಲೆ ಸುಮ್ಮನಾದಳು, ಮರೆತುಬಿಟ್ಟಳು" ಎಂದು ಪೋಷಕರು ಹೇಳುವಾಗ ನನಗೆ ಒಂದು ಹಳೆಯ ಚಿತ್ರ ನೆನಪಾಗುತ್ತದೆ. 1952ರಲ್ಲಿ ತೆರೆಕಂಡ ಆ ಚಿತ್ರಕ್ಕಾಗಿ ಇಂಗ್ಲೆಂಡಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬವರು, ಸಣ್ಣ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹೆಣ್ಣುಮಗುವನ್ನು ಚಿತ್ರೀಕರಿಸಿದರು. ತಂದೆತಾಯಿ ಜೊತೆಗಿರುವ ಪದ್ಧತಿ ಆಗಿನ ಬಹುತೇಕ ಆಸ್ಪತ್ರೆಗಳಲ್ಲಿ ಇರಲಿಲ್ಲ. ಆ ಮಗು ಹೆಚ್ಚು ಗಲಾಟೆ ಮಾಡಲಿಲ್ಲ. ಆದರೆ ಅದರ ಮುಖವನ್ನು ದಿನದಿಂದ ದಿನಕ್ಕೆ ನೋಡುತ್ತ ಹೋದರೆ ಆ ಮೌನ ಸಮಾಧಾನದ್ದಲ್ಲ ಎಂಬುದು ತಿಳಿಯುತ್ತದೆ. ಅಗಲಿದ ಮಗು ಮೊದಲು ಪ್ರತಿಭಟಿಸುತ್ತದೆ, ಆಮೇಲೆ ಹತಾಶೆಗೆ ಜಾರುತ್ತದೆ, ಕೊನೆಗೆ ನಂಟನ್ನೇ ಕಳಚಿಕೊಂಡಂತೆ ಇರುತ್ತದೆ ಎಂದು ರಾಬರ್ಟ್‌ಸನ್ ಮತ್ತು ಅವರ ಜೊತೆ ಕೆಲಸ ಮಾಡಿದ ಮನೋವೈದ್ಯ ಜಾನ್ ಬೌಲ್ಬಿ ಗುರುತಿಸಿದರು. ನಾಯಿಯನ್ನು ಕೆಲವು ದಿನ ಬಿಟ್ಟಿರುವುದು ತಾಯಿಯನ್ನು ಅಗಲಿದಷ್ಟು ದೊಡ್ಡದಲ್ಲ, ಗಾಬರಿ ಬೇಡ. ಸುಮ್ಮನಾದದ್ದೆಲ್ಲ ಸಮಾಧಾನವಲ್ಲ ಎಂಬುದನ್ನಷ್ಟೇ ಇಲ್ಲಿಂದ ತೆಗೆದುಕೊಂಡರೆ ಸಾಕು. ಬೋರ್ಡಿಂಗ್‌ನಲ್ಲಿ ಮೂಲೆ ಹಿಡಿದು ಮಲಗಿರುವ ನಾಯಿಯ ಬಗ್ಗೆಯೂ ಇದೇ ಮಾತು. "ತುಂಬಾ ಸಾಧು ಮೇಡಂ, ಸದ್ದೇ ಇಲ್ಲ" ಎಂದು ಅಲ್ಲಿಯವರು ಫೋನಿನಲ್ಲಿ ಹೇಳಿದರೆ, ಊಟ ಮಾಡಿತೇ, ಬಾಲ ಆಡಿಸಿತೇ, ಆಟಕ್ಕೆ ಬಂತೇ ಎಂದು ಕೇಳಿ.

ಈಗ ನಾಯಿಯ ವಿಷಯ. ಮಗು ತಾಯಿಗೆ ಅಂಟಿಕೊಳ್ಳುವ ಬಗೆಯನ್ನು ಅಳೆಯಲು ಮೇರಿ ಐನ್ಸ್‌ವರ್ತ್ ಎಂಬ ಮನೋವಿಜ್ಞಾನಿ ಒಂದು ಪರೀಕ್ಷೆ ರೂಪಿಸಿದ್ದರು. ಹೊಸ ಕೋಣೆ, ಅಪರಿಚಿತ ವ್ಯಕ್ತಿ, ತಾಯಿ ಸ್ವಲ್ಪ ಹೊತ್ತು ಹೊರಗೆ ಹೋಗಿ ಮರಳಿ ಬರುವುದು, ಅಷ್ಟೇ. ಇದನ್ನೇ ಹಂಗೆರಿಯ ಸಂಶೋಧಕರು 51 ನಾಯಿಗಳು ಮತ್ತು ಅವುಗಳ ಯಜಮಾನರ ಮೇಲೆ ನಡೆಸಿ 1998ರಲ್ಲಿ ಪ್ರಕಟಿಸಿದರು. ಯಜಮಾನರು ಕೋಣೆಯಲ್ಲಿದ್ದಾಗ ನಾಯಿಗಳು ಹೆಚ್ಚು ಓಡಾಡಿ ಆಡಿದವು. ಅವರು ಹೋದಾಗ ಬಾಗಿಲ ಬಳಿ ನಿಂತವು. ಅಪರಿಚಿತರು ಬಂದಾಗಿನದಕ್ಕಿಂತ ಯಜಮಾನರು ಬಂದಾಗ ಹೆಚ್ಚಾಗಿ ಓಡಿ ಹೋಗಿ ಮೈಮೇಲೆ ಬಿದ್ದವು. ಅಂದರೆ ಪುಟ್ಟ ಮಗುವಿಗೆ ತಾಯಿಯ ಮಡಿಲು ಹೇಗೋ ನಾಯಿಗೆ ಮನೆಯವರು ಹಾಗೆ. ಅವರಿದ್ದರೆ ಜಗತ್ತನ್ನು ಮೂಸಿ ನೋಡುವ ಧೈರ್ಯ, ಇಲ್ಲದಿದ್ದರೆ ಆತಂಕ.

ನಾವು ಎಷ್ಟು ಹೊತ್ತು ಹೋಗಿದ್ದೆವು ಎಂಬುದೂ ಅವುಗಳ ಮೇಲೆ ಪರಿಣಾಮ ಬೀರುತ್ತದೆ. ಸ್ವೀಡನ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅರ್ಧ ಗಂಟೆ ಒಂಟಿಯಾಗಿದ್ದ ನಾಯಿಗಳಿಗಿಂತ ಎರಡು ಗಂಟೆ ಒಂಟಿಯಾಗಿದ್ದವು ಮನೆಯವರನ್ನು ಹೆಚ್ಚು ಜೋರಾಗಿ ಎದುರುಗೊಂಡವು. ಕಾಲದ ಜೊತೆಗೆ ಕುರುಹುಗಳೂ ಇವೆ. ಅಟ್ಟದಿಂದ ಇಳಿದ ಸೂಟ್‌ಕೇಸ್, ಇಸ್ತ್ರಿಗೆ ಹೋದ ಬಟ್ಟೆ, ಗ್ಯಾಸ್ ಆಫ್ ಮಾಡಿ ಮತ್ತೆ ಮತ್ತೆ ನೋಡುವ ಅಮ್ಮ. ಇವು ನಿಮಗೆ ಸಣ್ಣವು, ನಾಯಿಗೆ ದೊಡ್ಡ ಸುದ್ದಿ. ಹಾಗಾಗಿ ನಾಯಿಗೆ ಗೊತ್ತಾಗದಂತೆ ಹೊರಡುವುದು ನಾವು ಅಂದುಕೊಂಡಷ್ಟು ಸುಲಭವಲ್ಲ. ಮಲಗಿದ್ದಾಗ ಜಾರಿಕೊಂಡರೆ ಅದು ಕಲಿಯುವ ಪಾಠ ಒಂದೇ: ಕಣ್ಣು ಮುಚ್ಚಿದರೆ ಇವರು ಮಾಯವಾಗುತ್ತಾರೆ. ಮರಳಿ ಬಂದಮೇಲೆ ಬಚ್ಚಲಿಗೂ ಹಿಂದೆಯೇ ಬರುವ ನಾಯಿ ಆ ಪಾಠವನ್ನು ಕಲಿತಿರಬಹುದು. ಹೇಳದೆ ಹೋದ ಅಮ್ಮನ ಸೆರಗನ್ನು ವಾರಗಟ್ಟಲೆ ಬಿಡದ ಮಗು ಕಲಿತದ್ದೂ ಅದನ್ನೇ.

ನೀವಿಲ್ಲದಾಗ ನಾಯಿ ಬಾಗಿಲು ಕೆರೆದರೆ, ಸೋಫಾ ಕಚ್ಚಿದರೆ, ಮನೆಯೊಳಗೆ ಉಚ್ಚೆ ಹೊಯ್ದರೆ ಅದು ಸೇಡಲ್ಲ. ಸೇಡಿಗೆ ಬೇಕಾದ ಯೋಜನೆ ನಾಯಿಗಿಲ್ಲ, ಇರುವುದು ಭಯ. ಭಯ ಹೆಚ್ಚಿದಾಗ ಹೊಟ್ಟೆಯೂ ಕೆಡುತ್ತದೆ. ಜಾಗ ಬದಲಾದ ಮೊದಲ ದಿನಗಳಲ್ಲಿ ಕೆಲವು ನಾಯಿಗಳಿಗೆ ಭೇದಿಯಾಗುವುದು ಅದಕ್ಕೇ. ಆರೋಗ್ಯವಾಗಿರುವ ದೊಡ್ಡ ನಾಯಿ ಒಂದು ದಿನ ಊಟ ಬಿಟ್ಟರೆ ಕಾದು ನೋಡಬಹುದು, ಎರಡನೆಯ ದಿನವೂ ಮುಟ್ಟದಿದ್ದರೆ ವೈದ್ಯರಿಗೆ ತೋರಿಸಬೇಕು. ಮರಿಗಳ ಮತ್ತು ತೀರ ಪುಟ್ಟ ತಳಿಗಳ ರಕ್ತದಲ್ಲಿ ಸಕ್ಕರೆ ಅಂಶ ಬೇಗ ಇಳಿಯುತ್ತದೆ, ಅಲ್ಲಿ ಒಂದು ದಿನ ಕಾಯುವಂತಿಲ್ಲ.

ಕಾರಣ ತಿಳಿದ ಮೇಲೆ ದಾರಿ ಹುಡುಕುವುದು ಅಷ್ಟು ಕಷ್ಟವಲ್ಲ, ಆದರೆ ಸಮಯ ಬೇಕು. ಟಿಕೆಟ್ ಬುಕ್ ಮಾಡಿದ ದಿನವೇ ನಾಯಿಯ ವ್ಯವಸ್ಥೆಯನ್ನೂ ಶುರು ಮಾಡಿ. ಹೊರಡುವ ಹಿಂದಿನ ರಾತ್ರಿ ಬರುವ ಫೋನುಗಳೇ ನನಗೆ ಹೆಚ್ಚು, ಆ ಹೊತ್ತಿಗೆ ನಾನು ಹೇಳಬಹುದಾದದ್ದು ಬಹಳ ಕಡಿಮೆ.

ಎಲ್ಲಿ ಬಿಡುವುದು ಎಂಬುದು ನಿಮ್ಮ ನಾಯಿಯ ಸ್ವಭಾವವನ್ನು ಅವಲಂಬಿಸಿದೆ. ವಯಸ್ಸಾದ ನಾಯಿ, ಕಣ್ಣು ಮಂಜಾದ ನಾಯಿ, ದಿನವೂ ಔಷಧಿ ಬೇಕಾದ ನಾಯಿ, ಮುಧೋಳ ತಳಿಯಂತೆ ಹೊಸಬರ ಕೈ ಬೇಗ ಒಪ್ಪದ ನಾಯಿ, ಇವಕ್ಕೆ ತಮ್ಮದೇ ಮನೆ, ತಮ್ಮದೇ ಮೂಲೆ ಒಳ್ಳೆಯದು. ಪರಿಚಿತರೊಬ್ಬರು ಬಂದು ನಿಮ್ಮ ಮನೆಯಲ್ಲೇ ಮಲಗುವಂತಾದರೆ ಅದಕ್ಕಿಂತ ಉತ್ತಮ ಏರ್ಪಾಡಿಲ್ಲ. ಮಲಗುವಂತೆ ಎಂಬ ಮಾತನ್ನು ಗಮನಿಸಿ. ವಾಚ್‌ಮನ್ ಬೆಳಿಗ್ಗೆ ಸಂಜೆ ಗೇಟಿನೊಳಗೆ ಅನ್ನ ಇಟ್ಟು ಹೋಗುವುದು ಆರೈಕೆಯಲ್ಲ. ನಾಯಿ ಸಾಕಿದವರು ಅದಕ್ಕೆ ಅನ್ನ, ನೀರು, ನೆರಳು ಒದಗಿಸದಿದ್ದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಬೇರೆ ನಾಯಿಗಳ ಜೊತೆ ಖುಷಿಯಾಗಿ ಆಡುವ, ಎಳೆಯ ವಯಸ್ಸಿನ, ಆರೋಗ್ಯವಂತ ನಾಯಿಗೆ ಬೋರ್ಡಿಂಗ್ ಚೆನ್ನಾಗಿಯೇ ಒಗ್ಗಬಹುದು. ಅಜ್ಜಿಯ ಮನೆಯೋ ಚಿಕ್ಕಪ್ಪನ ಮನೆಯೋ ಸಿಕ್ಕರೆ ಸಂತೋಷ, ಆದರೆ ಅಲ್ಲಿ ಒಂದು ಅಪಾಯವುಂಟು. ನಾಯಿಯಿಲ್ಲದ ಮನೆಯವರಿಗೆ ಗೇಟು ಮುಚ್ಚುವ ಅಭ್ಯಾಸವಿರುವುದಿಲ್ಲ. ಹಾಲಿನವರು ಬಂದಾಗ ತೆರೆದ ಗೇಟು ತೆರೆದೇ ಇರುತ್ತದೆ, ನಾಯಿ ತನ್ನ ಮನೆ ಹುಡುಕಿಕೊಂಡು ಹೊರಟುಬಿಡುತ್ತದೆ. ದೀಪಾವಳಿಯ ಪಟಾಕಿಯ ದಿನಗಳಲ್ಲಿ ಹೀಗೆ ಕಳೆದುಹೋದ ನಾಯಿಗಳ ಸುದ್ದಿ ಪ್ರತಿ ವರ್ಷ ನನಗೆ ಬರುತ್ತದೆ. ಕೊರಳ ಬೆಲ್ಟಿಗೆ ಫೋನ್ ನಂಬರ್ ಕೆತ್ತಿಸಿದ ಬಿಲ್ಲೆ ಹಾಕಿಸಿ. ಚರ್ಮದಡಿ ಅಕ್ಕಿಕಾಳಿನಷ್ಟು ದೊಡ್ಡ ಮೈಕ್ರೋಚಿಪ್ ಹಾಕಿಸಿದ್ದರೆ ಇನ್ನೂ ಒಳ್ಳೆಯದು. ಆದರೆ ಅದು ನಾಯಿ ಎಲ್ಲಿದೆ ಎಂದು ತೋರಿಸುವುದಿಲ್ಲ, ಸಿಕ್ಕ ನಾಯಿ ಯಾರದೆಂದು ಸ್ಕ್ಯಾನರ್ ಹಿಡಿದಾಗ ತಿಳಿಸುತ್ತದೆ, ಅಷ್ಟೇ.

ಬೋರ್ಡಿಂಗ್ ಆರಿಸುವಾಗ ಮೊಬೈಲಿನಲ್ಲಿ ಚಿತ್ರ ನೋಡಿ ನಿರ್ಧರಿಸಬೇಡಿ, ಹೋಗಿ ನೋಡಿ. ಮೂಗಿಗೆ ಏನು ಬಡಿಯುತ್ತದೆ? ಕುಡಿಯುವ ನೀರಿನ ಬಟ್ಟಲಿನ ತಳ ಲೋಳೆಯಾಗಿದೆಯೇ? ರಾತ್ರಿ ನಾಯಿ ಎಲ್ಲಿ ಮಲಗುತ್ತದೆ, ಆ ಹೊತ್ತಿನಲ್ಲಿ ಅಲ್ಲಿ ಯಾರಿರುತ್ತಾರೆ? ಈ ಕೊನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ ನಾನು ಮುಂದಿನ ಜಾಗ ನೋಡುತ್ತೇನೆ. ಒಂದರ ಹಿಂದೆ ಒಂದು ಎರಡು ಗೇಟುಗಳಿದ್ದರೆ ತಪ್ಪಿಸಿಕೊಂಡ ನಾಯಿ ನಡುವೆಯೇ ಸಿಗುತ್ತದೆ. ಪಗ್, ಶಿಹ್ ತ್ಸು ಮುಂತಾದ ಚಪ್ಪಟೆ ಮೂಗಿನ ತಳಿಗಳಿಗೆ ಏಪ್ರಿಲ್ ಮೇ ಸೆಕೆ ಅಪಾಯಕಾರಿ, ತಗಡಿನ ಚಾವಣಿಯ ಕೆಳಗೆ ಅವನ್ನು ಬಿಡಲೇಬಾರದು. ಇನ್ನೊಂದು ವಿಷಯ. ಲಸಿಕೆ ಕಾರ್ಡ್ ಕೇಳದೆ ನಾಯಿಯನ್ನು ಒಳಗೆ ಬಿಟ್ಟುಕೊಳ್ಳುವವರು ಬೇರೆಯವರ ಕಾರ್ಡನ್ನೂ ಕೇಳಿರುವುದಿಲ್ಲ. ಕಾರ್ಡ್ ಕೇಳಿದ್ದಕ್ಕೆ ಬೇಸರಪಡಬೇಡಿ, ಸಂತೋಷಪಡಿ.

ಲಸಿಕೆ ಪೂರ್ತಿಯಾಗಿ ಕೆಲಸ ಮಾಡಲು ಸಾಮಾನ್ಯವಾಗಿ ಎರಡು ವಾರ ಬೇಕು. ಹೊರಡುವ ಮುನ್ನಾದಿನ ಚುಚ್ಚಿಸಿದರೆ ಕಾರ್ಡಿನಲ್ಲಿ ಮುದ್ರೆ ಬೀಳುತ್ತದೆ, ಮೈಯಲ್ಲಿ ಪೂರ್ತಿ ರಕ್ಷಣೆ ಇರುವುದಿಲ್ಲ. ರೇಬೀಸ್, ರಕ್ತಭೇದಿ ತರುವ ಪಾರ್ವೊ, ಡಿಸ್ಟೆಂಪರ್, ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್, ಇವುಗಳ ಲಸಿಕೆ ಆಗಿರಬೇಕು. ಹಲವು ನಾಯಿಗಳು ಸೇರುವ ಕಡೆ ಹರಡುವ ಒಣಕೆಮ್ಮಿಗೆ ಕೆನಲ್ ಕಾಫ್ ಎನ್ನುತ್ತಾರೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ನಾಯಿ ಕೆಮ್ಮುತ್ತದೆ. ಅದಕ್ಕೂ ಲಸಿಕೆ ಇದೆ. ನಮ್ಮ ಕಡೆ ಇವೆಲ್ಲಕ್ಕಿಂತ ಹೆಚ್ಚು ಕಾಡುವುದು ಉಣ್ಣಿ. ಉಣ್ಣಿ ಕಚ್ಚಿ ಬರುವ ಜ್ವರ, ಅಂದರೆ ಟಿಕ್ ಫೀವರ್, ಕಾಣಿಸಿಕೊಳ್ಳಲು ಒಂದರಿಂದ ಮೂರು ವಾರ ಹಿಡಿಯಬಹುದು. ನೀವು ಊರಿಂದ ಬಂದು ಅದೆಲ್ಲ ಮರೆತ ಮೇಲೆ ನಾಯಿ ಮಂಕಾಗುತ್ತದೆ. ಉಣ್ಣಿ ತಡೆಯುವ ಮಾತ್ರೆಯನ್ನೋ ಬೆನ್ನಿಗೆ ಹನಿಸುವ ಔಷಧಿಯನ್ನೋ ಹೊರಡುವ ಮೊದಲೇ ಕೊಡಿಸಿ.

ಕೆಲವರು ನಿದ್ದೆ ಮಾತ್ರೆ ಬರೆದುಕೊಡಿ ಎನ್ನುತ್ತಾರೆ. ಮಂಪರು ಬರಿಸುವ ಕೆಲವು ಮದ್ದುಗಳು ಮೈಯನ್ನು ಕಟ್ಟಿಹಾಕುತ್ತವೆ, ಭಯವನ್ನು ಇಳಿಸುವುದಿಲ್ಲ. ಆತಂಕ ತಗ್ಗಿಸುವ ಔಷಧಿಗಳು ಬೇರೆಯೇ ಇವೆ, ಅವನ್ನು ನಾಯಿಯನ್ನು ಪರೀಕ್ಷಿಸಿಯೇ ಕೊಡಬೇಕು. ಮನೆಯಲ್ಲಿರುವ ದೊಡ್ಡವರ ಮಾತ್ರೆಯನ್ನು ಅರ್ಧ ಮಾಡಿ ಕೊಡುವುದು ಖಂಡಿತ ಬೇಡ.

ನಾಯಿಯನ್ನು ಜೊತೆಗೇ ಕರೆದುಕೊಂಡು ಹೋದರೆ? ಸಣ್ಣ ದೂರಕ್ಕೆ, ಕಾರಿನಲ್ಲಿ, ಉಳಿಯುವ ಮನೆಯವರ ಒಪ್ಪಿಗೆಯಿದ್ದರೆ ಆಗಬಹುದು. ರೈಲಿನಲ್ಲಿ ನಾಯಿಯನ್ನು ಜೊತೆಗಿಟ್ಟುಕೊಂಡು ಹೋಗಲು ಫಸ್ಟ್ ಎ.ಸಿ.ಯಲ್ಲಿ ಇಡೀ ಕೂಪೆ ನಿಮ್ಮದಾಗಿರಬೇಕು. ಇಲ್ಲವಾದರೆ ಅದು ಗಾರ್ಡ್ ಡಬ್ಬಿಯ ಪೆಟ್ಟಿಗೆಯಲ್ಲಿ ಒಂಟಿಯಾಗಿ ಬರುತ್ತದೆ. ಮದುವೆ ಮನೆಯ ವಾದ್ಯ, ಹೊಗೆ, ನೂರು ಜನರ ಕಾಲಿನ ನಡುವೆ ಹೆದರುವ ನಾಯಿಗೆ ಮನೆಯೇ ಮೇಲು. ಮಗುವಿನ ಒತ್ತಾಯಕ್ಕೆ ಮಣಿದು ಕೊನೆ ಗಳಿಗೆಯಲ್ಲಿ ಒಪ್ಪಿಕೊಂಡ ಪ್ರಯಾಣಗಳು ಚೆನ್ನಾಗಿ ಮುಗಿದದ್ದನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಎಲ್ಲಿ ಬಿಟ್ಟರೂ ಮೊದಲು ಅಭ್ಯಾಸ ಬೇಕು. ನಮ್ಮಲ್ಲಿ ಮನೆಯಿಂದ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ, ಹೋಗಿ ಬರ್ತೀನಿ ಎನ್ನುತ್ತಾರೆ. ನಾಯಿಗೆ ಆ ಮಾತಿನ ಅರ್ಥವನ್ನು ಮಾಡಿಯೇ ತೋರಿಸಬೇಕು. ಮೊದಲ ಸಲ ಮಗುವಿನ ಜೊತೆ ಆ ಜಾಗಕ್ಕೆ ಹೋಗಿ ಅರ್ಧ ಗಂಟೆ ಇದ್ದು ಬನ್ನಿ. ಎರಡನೆಯ ಸಲ ನಾಯಿಯನ್ನು ಬಿಟ್ಟು ಕಾಫಿ ಕುಡಿದು ಬನ್ನಿ. ಆಮೇಲೆ ಒಂದು ಹಗಲು, ಕೊನೆಗೆ ಒಂದು ರಾತ್ರಿ. ಪ್ರತಿ ಸಲವೂ ನೀವು ಮರಳಿದಿರಿ ಎಂಬುದು ನಾಯಿಗೂ ಮಗುವಿಗೂ ಒಟ್ಟಿಗೇ ದಾಖಲಾಗುತ್ತದೆ. ಸೂಟ್‌ಕೇಸನ್ನು ವಾರ ಮೊದಲೇ ಕೆಳಗಿಳಿಸಿ ಹಾಲ್‌ನಲ್ಲಿ ತೆರೆದಿಡಿ. ಬರೀ ಸೂಟ್‌ಕೇಸ್ ಕಂಡು ಕಂಡು ನಾಯಿಗೆ ಅದರ ಹೆದರಿಕೆ ತಗ್ಗುತ್ತದೆ.

ಮಗುವಿಗೆ ಒಂದು ವಾರ ಮೊದಲು ನೇರವಾಗಿ ಹೇಳಿ: ನಾವು ಊರಿಗೆ ಹೋಗ್ತೀವಿ, ನಾಯಿ ಇಂಥ ಕಡೆ ಇರುತ್ತೆ, ಒಂಬತ್ತು ರಾತ್ರಿ ಆದಮೇಲೆ ನಾವೇ ಹೋಗಿ ಕರ್ಕೊಂಡು ಬರ್ತೀವಿ, ನೀನೇನೂ ತಪ್ಪು ಮಾಡಿಲ್ಲ. ಈ ಕೊನೆಯ ಮಾತು ಅನಗತ್ಯ ಎನಿಸಬಹುದು, ಆದರೂ ಬಿಡಬೇಡಿ. ಕ್ಯಾಲೆಂಡರಿನಲ್ಲಿ ಮರಳುವ ದಿನಕ್ಕೆ ಮಗುವಿನ ಕೈಯಲ್ಲೇ ನಾಯಿಯ ಚಿತ್ರ ಬರೆಸಿ, ದಿನಕ್ಕೊಂದು ಚೌಕವನ್ನು ಹೊಡೆದುಹಾಕುತ್ತ ಬರಲಿ. ಅತ್ತರೆ ಅಳಲಿ. ಆ ಅಳುವನ್ನು ನಿಲ್ಲಿಸುವ ಹೊಣೆ ನಿಮ್ಮದಲ್ಲ, ಪಕ್ಕದಲ್ಲಿ ಕೂರುವುದು ಸಾಕು. ಹತ್ತು ದಾಟಿದ ಮಕ್ಕಳಿಗೆ ದಿನಾಂಕದ ಗೊಂದಲವಿರುವುದಿಲ್ಲ, ಅವರ ಸಿಟ್ಟು ತಮ್ಮನ್ನು ಯಾರೂ ಕೇಳಲಿಲ್ಲ ಎಂಬುದಕ್ಕೆ. ಅವರನ್ನು ಜಾಗ ನೋಡಲು ಕರೆದೊಯ್ಯಿರಿ, ಪ್ರಶ್ನೆ ಕೇಳಲು ಬಿಡಿ. ನನ್ನ ಅನುಭವದಲ್ಲಿ ದೊಡ್ಡವರಿಗೆ ಹೊಳೆಯದ ಪ್ರಶ್ನೆಗಳನ್ನು ಅವರೇ ಕೇಳುತ್ತಾರೆ.

ನಾಯಿಯ ಜೊತೆ ಹೋಗುವ ಚೀಟಿಯನ್ನು ಮಗು ಹೇಳಲಿ, ನೀವು ಬರೆಯಿರಿ. ಎಷ್ಟು ಹೊತ್ತಿಗೆ ಊಟ, ಮೊಸರನ್ನವೋ ಮೊಟ್ಟೆಯೋ, ಎಲ್ಲಿ ಕೆರೆದರೆ ಇಷ್ಟ, ಮಿಕ್ಸಿ ಸದ್ದಿಗೆ ಹೆದರುತ್ತದೋ, ಯಾವ ಹೆಸರಿಟ್ಟು ಕರೆದರೆ ಬರುತ್ತದೆ. ಅದರ ಕೆಳಗೆ ನೀವು ಸೇರಿಸಬೇಕಾದ್ದು ವೈದ್ಯರ ನಂಬರ್, ನೀವು ಸಿಗದಿದ್ದರೆ ಚಿಕಿತ್ಸೆಗೆ ಒಪ್ಪಿಗೆ ಕೊಡಬಲ್ಲವರ ನಂಬರ್, ಮತ್ತು ಕೊಡಬಾರದ್ದರ ಪಟ್ಟಿ. ನೆಂಟರ ಮನೆಯಲ್ಲಿ ಪ್ರೀತಿಯಿಂದ ಹಾಕುವ ಪಾಯಸದ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸಬಲ್ಲದು, ಸಾರಿನ ಈರುಳ್ಳಿ ರಕ್ತಕಣಗಳನ್ನು ಒಡೆಯುತ್ತದೆ, ಚಾಕೊಲೇಟ್ ಹೃದಯಕ್ಕೆ ಅಪಾಯ. ಈ ಚೀಟಿ ಬರೆಸುವಾಗ ಮಗು, ತಾನು ನಾಯಿಯನ್ನು ಬಿಟ್ಟುಹೋಗುತ್ತಿಲ್ಲ, ಏರ್ಪಾಡು ಮಾಡಿ ಹೋಗುತ್ತಿದ್ದೇನೆ ಎಂಬ ಜಾಗಕ್ಕೆ ಬರುತ್ತದೆ.

ಒಗೆಯದ ಒಂದು ಹಳೆಯ ಬಟ್ಟೆ, ಮಗು ಹೊದ್ದ ದುಪ್ಪಟಿಯೋ ಅಪ್ಪನ ಬನಿಯನ್ನೋ, ನಾಯಿಯ ಹಾಸಿಗೆಯ ಮೇಲೆ ಇರಲಿ. ಅಮೆರಿಕದ ಎಮರಿ ವಿಶ್ವವಿದ್ಯಾಲಯದಲ್ಲಿ 12 ನಾಯಿಗಳನ್ನು ಎಚ್ಚರವಿದ್ದಾಗಲೇ ಮೆದುಳಿನ ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ ಬೇರೆ ಬೇರೆ ವಾಸನೆ ತೋರಿಸಿದ್ದರು. ಒಳ್ಳೆಯದೇನೋ ಬರಲಿದೆ ಎಂದು ನಿರೀಕ್ಷಿಸುವ ಮೆದುಳಿನ ಭಾಗ ಹೆಚ್ಚು ಚುರುಕಾದದ್ದು ಪರಿಚಿತ ಮನುಷ್ಯರ ವಾಸನೆಗೆ. ಆ ಮನುಷ್ಯರು ಎದುರಿಗೆ ಇರಲೂ ಇಲ್ಲ.

ಹೊರಡುವ ದಿನ ಬೆಳಿಗ್ಗೆ ಎಂದಿನ ವಾಕಿಂಗ್, ಎಂದಿನ ಊಟ. ನಾಯಿಯನ್ನು ಅಪ್ಪಿಕೊಂಡು ಬಹಳ ಹೊತ್ತು ಅತ್ತರೆ ನಮ್ಮ ಆತಂಕ ಅದಕ್ಕೆ ದಾಟುತ್ತದೆ. ತಲೆ ಸವರಿ, ಎಂದಿನ ದನಿಯಲ್ಲಿ ಹೋಗಿ ಬರ್ತೀವಿ ಅಂದು, ಅದರ ಕಣ್ಣೆದುರಿಗೇ ನಡೆದು ಬನ್ನಿ. ಊರಲ್ಲಿದ್ದಾಗ ಮಗುವಿಗೆ ದಿನಕ್ಕೊಂದು ಫೋಟೋ ಸಾಕು. ವೀಡಿಯೊ ಕಾಲ್‌ನಲ್ಲಿ ದನಿ ಕೇಳಿ ನಾಯಿ ನಿಮ್ಮನ್ನು ಹುಡುಕಾಡುವುದುಂಟು, ಮಗು ಅದನ್ನು ನೋಡಬೇಕಾಗುತ್ತದೆ. ನಾಯಿಗೆ ಹುಷಾರಿಲ್ಲ ಎಂದು ಸುದ್ದಿ ಬಂದರೆ ಮುಚ್ಚಿಡಬೇಡಿ. "ಹೊಟ್ಟೆ ಕೆಟ್ಟಿದೆ, ಡಾಕ್ಟರು ನೋಡಿದ್ದಾರೆ" ಎಂಬಷ್ಟು ನಿಜ ಮಗು ತಡೆದುಕೊಳ್ಳಬಲ್ಲ ನಿಜವೇ.

ಮರಳಿದ ದಿನ ನಾಯಿ ಕುಣಿಯಬಹುದು, ಅಥವಾ ಮಗುವನ್ನು ಮೂಸಿ ಮುಂದೆ ಹೋಗಿ ಮಲಗಿಬಿಡಬಹುದು. ಗದ್ದಲದ ಜಾಗದಲ್ಲಿ ನಿದ್ದೆ ಕೆಟ್ಟ ನಾಯಿ ಒಂದೆರಡು ದಿನ ಬರೀ ಮಲಗುತ್ತದೆ. ಅದಕ್ಕೆ ನಿನ್ನ ಮೇಲೆ ಕೋಪವಿಲ್ಲ, ಸುಸ್ತಾಗಿದೆ ಎಂದು ಮಗುವಿಗೆ ಮೊದಲೇ ಹೇಳಿಟ್ಟಿರಿ. ಮೊದಲ ದಿನ ನೀರು, ಊಟ ಸ್ವಲ್ಪ ಸ್ವಲ್ಪವಾಗಿ ಕೊಡಿ. ಕಿವಿಯ ಒಳಗೆ, ಬೆರಳ ಸಂದುಗಳಲ್ಲಿ ಉಣ್ಣಿ ಹುಡುಕಿ. ಮುಂದಿನ ಮೂರು ವಾರ ಕೆಮ್ಮು, ಜ್ವರ, ಊಟ ಬಿಡುವುದು ಕಂಡರೆ ವೈದ್ಯರಿಗೆ ಬೋರ್ಡಿಂಗ್‌ನಲ್ಲಿದ್ದ ವಿಷಯವನ್ನು ಮರೆಯದೆ ತಿಳಿಸಿ.

ಆ ಸಂಜೆ ನಾನು ದಂಪತಿಗೆ ಇಷ್ಟನ್ನೂ ಹೇಳಲಿಲ್ಲ, ಹೇಳಲು ಸಮಯವೂ ಇರಲಿಲ್ಲ. ಸ್ಕೂಲಿಗೆ ಹೋದಾಗ ಬೇಡ, ಅವಳನ್ನೂ ಕರೆದುಕೊಂಡೇ ಹೋಗಿ ಎಂದೆ. ಹುಡುಗಿಗೆ ಒಂದು ಕೆಲಸ ಕೊಟ್ಟೆ: ಬೆಲ್ಟ್ ನಿನ್ನ ಹತ್ತಿರ ಇರಲಿ. ಬಿಡುವ ದಿನ ನೀನೇ ಅದರ ಕೊರಳಿಗೆ ಹಾಕಬೇಕು, ಕರೆತರುವ ದಿನ ಚೈನು ನೀನೇ ಹಿಡಿಯಬೇಕು. ಅವಳು ಅಮ್ಮನ ಮುಖ ನೋಡಿದಳು. ಅಮ್ಮ ತಲೆಯಾಡಿಸಿದ ಮೇಲೆ, ಕಾರಿನಲ್ಲಿದ್ದ ಸ್ಕೂಲ್ ಬ್ಯಾಗ್ ತರಲು ಓಡಿದಳು.